ಬೀಗ ತೆಗೆದಿದ್ದ ಎರಡನೇ ಪೈಪು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳದಿದ್ದರೂ ಎರಡು ಪುಟದೊಳಗೆ ನಿಮಗೇ ಗೊತ್ತಾಗುತ್ತದೆ. ನನ್ನ ಹೆಂಡತಿ ಪಾರವ್ವ ಮದುವೆಯಾದ ಎರಡನೇ ದಿನ ಕಂಡುಹಿಡಿದಳು. ಅವತ್ತು ಮಾವನ ಮನೆಯಲ್ಲಿ ಬಚ್ಚಲಿನ ನೀರು ಬಿಸಿಯಾಗಿಲ್ಲವೆಂದು ನಾನು ಒಲೆಯ ಜೊತೆ ಜಗಳವಾಡಿದ್ದೆನಂತೆ.

ನನ್ನ ಹೆಸರು ವೀರಬಸಪ್ಪ. ಊರು ಬಾದಾಮಿ ಕಡೆ, ಮನೆ ಬಾಗಲಗುಂಟೆಯಲ್ಲಿ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಎಂಟನೆಯದಕ್ಕೆ ಮಾಸ್ತರರು ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಈಗ ನನ್ನ ಹತ್ತಿರ ಒಂದು ಬಲ್ಕರ್ ಲಾರಿ ಇದೆ. ಹಿಂದೆ ಹೊಟ್ಟೆ ಉಬ್ಬಿದ ದೊಡ್ಡ ಟ್ಯಾಂಕ್ ಇರುತ್ತದಲ್ಲ, ಅದು. ಜನ ಅದನ್ನು ನೋಡಿ ಹಾಲಿನ ಲಾರಿ ಅಂದುಕೊಳ್ಳುತ್ತಾರೆ. ನಾನು ಸಾಗಿಸುವುದು ಬೂದಿ. ರಾಯಚೂರು ಕಡೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡಿದ ಮೇಲೆ ಉಳಿಯುವ, ಮೈದಾಹಿಟ್ಟಿನಂಥ ನುಣ್ಣನೆಯ ಬೂದಿ. ಬೆಂಗಳೂರಿನ ಕಾಂಕ್ರೀಟ್ ಪ್ಲಾಂಟುಗಳಲ್ಲಿ ಅದನ್ನು ಸಿಮೆಂಟಿನ ಜೊತೆ ಲೆಕ್ಕ ನೋಡಿ ಬೆರೆಸುತ್ತಾರೆ. "ವಾರಕ್ಕ ಅರವತ್ತು ಟನ್ ಬೂದಿ ಹೊರತೀರಿ, ಹಣಿಗೆ ಹಚ್ಚಾಕ ಮಾತ್ರ ನಾ ಅಂಗಡ್ಯಾಗ ವಿಭೂತಿ ತರಬೇಕು," ಎಂದು ಪಾರವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ.

ಲಾರಿ ನನ್ನದು, ಕೆಲಸ ಮಾತ್ರ ಒಂದು ಸಾಗಣೆ ಕಂಪನಿಯದು. ಇದಕ್ಕೆ ನಮ್ಮಲ್ಲಿ ಅಟ್ಯಾಚ್ ಅನ್ನುತ್ತಾರೆ. ಟೈರು ಒಡೆದಾಗ ನಾನು ಮಾಲೀಕ, ಲೋಡು ಕೊಡುವಾಗ ಬರೀ ಡ್ರೈವರ್. ಕಂಪನಿಯಲ್ಲಿ ಒಂದು ನಿಯಮವಿದೆ. ವರ್ಷದೊಳಗೆ ಪ್ಲಾಂಟುಗಳಿಂದ ಮೂರು ಕಂಪ್ಲೇಂಟ್ ಬಂದರೆ ಅಟ್ಯಾಚ್ ಹೋಯಿತು, ಲಾರಿ ತೆಗೆದುಕೊಂಡು ಮನೆಗೆ ನಡಿ.

ನನ್ನ ಮೇಲೆ ಆಗಲೇ ಎರಡಿದ್ದವು. ಮೊದಲನೆಯದು, ಗೇಟಿನ ಸೆಕ್ಯುರಿಟಿಯವನು ಕುಡಿದಿದ್ದೀಯಾ ಎಂದು ನೋಡುವ ಮಿಷನ್ ಹಿಡಿದು ಊದು ಅಂದಾಗ, ಜನ್ಮದಲ್ಲಿ ಹೆಂಡ ಮುಟ್ಟದ ನಾನು ಊದುವ ಬದಲು ಬೈದಿದ್ದು. ಊದಿದ್ದರೆ ಸೊನ್ನೆ ಬರುತ್ತಿತ್ತು. ಎರಡನೆಯದು, ಹೆಬ್ಬಾಳದ ಹತ್ತಿರ ಒಂದು ಪ್ಲಾಂಟಿನ ಸಾಲಿನಲ್ಲಿ ನಿಂತು ಹನ್ನೊಂದು ನಿಮಿಷ ಎಡೆಬಿಡದೆ ಹಾರ್ನ್ ಒತ್ತಿದ್ದು. ಹನ್ನೊಂದು ಅನ್ನುವುದು ಅವರ ಲೆಕ್ಕ. ನನ್ನ ಪ್ರಕಾರ ಒಂಬತ್ತು. ಕಂಪನಿಯ ಮ್ಯಾನೇಜರ್ ನಿರಂಜನ್ ಕರೆದು, ಇನ್ನೊಂದು ಬಂದರೆ ನನ್ನ ಕೈಯಲ್ಲಿ ಏನೂ ಇಲ್ಲ, ಬಾಯಿ ಹಿಡಿದುಕೊಂಡು ವರ್ಷ ಮುಗಿಸಿ ಎಂದು ಹೇಳಿದ್ದರು. ವರ್ಷ ಮುಗಿಯಲು ಐದು ವಾರ ಇತ್ತು.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಯಲಹಂಕದ ಆಚೆಗಿರುವ ಪ್ಲಾಂಟಿಗೆ ಬಂದೆ. ಅಲ್ಲಿ ನಾಲ್ಕು ಸೈಲೋಗಳಿವೆ. ಸೈಲೋ ಅಂದರೆ ಮೂರಂತಸ್ತಿನ ಮನೆಯಷ್ಟು ಎತ್ತರದ ಕಬ್ಬಿಣದ ಕಣಜ. ಒಂದು ಮತ್ತು ಎರಡರಲ್ಲಿ ಸಿಮೆಂಟು, ಮೂರು ಮತ್ತು ನಾಲ್ಕರಲ್ಲಿ ಬೂದಿ. ಪ್ರತಿಯೊಂದರಿಂದ ಒಂದೊಂದು ಪೈಪು ಕೆಳಗಿಳಿದು ನಮ್ಮ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಾವು ಲಾರಿಯ ಹೋಸನ್ನು ಅದಕ್ಕೆ ಸಿಕ್ಕಿಸಿ, ಕಂಪ್ರೆಸರಿನ ಗಾಳಿಯಿಂದ ಮಾಲನ್ನು ಮೇಲಕ್ಕೆ ಹೊಡೆಯಬೇಕು. ನಾಲ್ಕೂ ಪೈಪುಗಳು ಅಕ್ಕಪಕ್ಕದಲ್ಲೇ ಇವೆ. ಅವುಗಳ ಮೇಲೆ ಬರೆದ ನಂಬರುಗಳನ್ನು ಧೂಳು ತಿಂದು ವರ್ಷಗಳಾಗಿವೆ. ಅದಕ್ಕೇ ಪ್ರತಿ ಪೈಪಿನ ಮುಚ್ಚಳಕ್ಕೂ ಒಂದು ಬೀಗ. ಕೀಲಿ ಪ್ಲಾಂಟಿನವರ ಹತ್ತಿರ. ಅವರು ಬಂದು ಯಾವ ಬೀಗ ತೆಗೆಯುತ್ತಾರೋ ಅದೇ ನಿನ್ನ ಪೈಪು. ಬಲ್ಕರ್ ಓಡಿಸುವ ನಾವು ಯಾರೂ ನಂಬರ್ ನೋಡುವುದಿಲ್ಲ, ಬೀಗ ನೋಡುತ್ತೇವೆ.

ಕೀಲಿಗೊಂಚಲು ರುಮಾನಾ ಎಂಬ ಹುಡುಗಿಯ ಕೈಯಲ್ಲಿತ್ತು. ಗಂಗಾನಗರದವಳು. ಡಿಪ್ಲೊಮಾ ಮುಗಿಸಿ, ಬಂದ ಮಾಲಿನ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ನನಗಿಂತ ಮುಂದೆ ಶ್ರೀರಾಮಪ್ಪ ಎಂಬ ಡ್ರೈವರು ಸಿಮೆಂಟು ಖಾಲಿ ಮಾಡಿ ಹೋಸ್ ಸುತ್ತುತ್ತಿದ್ದ. ಅವನ ಪೈಪಿಗೆ ಬೀಗ ಹಾಕಲು ರುಮಾನಾ ಆಫೀಸಿನಿಂದ ನಡೆದು ಬರುತ್ತಿದ್ದಳು. ನಾನು ಲಾರಿಯಿಂದ ಧುಮುಕಿ ಅವಳನ್ನು ಅರ್ಧ ದಾರಿಯಲ್ಲೇ ತಡೆದು, ಎಷ್ಟು ಹೊತ್ತು ಕಾಯಬೇಕು, ನನ್ನದು ಯಾವ ಪೈಪು, ಬೇಗ ಹೇಳು ಅಂದೆ.

ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಅಂಕಲ್, ಚಪ್ಪಲೀಲಿ ಒಳಗೆ ಬರೋ ಹಾಗಿಲ್ಲ. ಶೂ ಹಾಕ್ಕೊಂಡು ಬನ್ನಿ, ಪೈಪ್ ತೋರಿಸ್ತೀನಿ."

ನಿನ್ನ ವಯಸ್ಸಿನಷ್ಟು ವರ್ಷದಿಂದ ಬಲ್ಕರ್ ಓಡಿಸುತ್ತಿದ್ದೇನೆ ಎಂದು ಗುಡುಗಿದೆ.

"ಅಷ್ಟು ವರ್ಷದಿಂದ್ಲೂ ಚಪ್ಪಲೀಲೇನಾ ಅಂಕಲ್?"

ಆಚೆ ಸಾಲಿನಲ್ಲಿ ನಿಂತಿದ್ದ ಮಿಕ್ಸರ್ ಲಾರಿಯವರು ನಕ್ಕರು. ಶ್ರೀರಾಮಪ್ಪ ರಾಜಾನುಕುಂಟೆ ಕಡೆಯ ನಿಧಾನದ ಮನುಷ್ಯ. "ಓಗ್ಲಿ ಬಿಡಣ್ಣೋ, ಇಂಗೆ ಬಿಸ್ಲಲ್ಲಿ ನಿಂತು ಕೂಗಾಡಿದ್ರೆ ನಿಂಗೇ ಬಿಪಿ," ಎಂದು ಹೇಳಿ ಲಾರಿ ಹತ್ತಿ ಹೊರಟೇ ಹೋದ. ನಾನು ಬಿಡಲಿಲ್ಲ. ಶೂಗಳ ಬಗ್ಗೆ, ಓದಿದವರ ಬಗ್ಗೆ, ಬೆಂಗಳೂರಿನ ಬಗ್ಗೆ ಒಂದು ಕಾಲು ಗಂಟೆ ಮಾತಾಡಿದೆ. ಅವಳು ನನ್ನ ಬೂದಿಯ ಸ್ಯಾಂಪಲ್ಲನ್ನು ಡಬ್ಬಿಯಲ್ಲಿ ತುಂಬಿಕೊಂಡು, ಟೆಸ್ಟ್ ಮಾಡಿ ಬರ್ತೀನಿ ಅಂತ ಹೇಳಿ, ತುಟಿ ಬಿಗಿಹಿಡಿದು ಲ್ಯಾಬಿಗೆ ಹೋದಳು. ಬೀಗ ಹಾಕಲು ಬಂದಿದ್ದೆ ಅನ್ನುವುದು ಅವಳ ತಲೆಯಿಂದ ಹಾರಿಹೋಗಿತ್ತು. ನನ್ನ ಮಾತು ಕೇಳಿದರೆ ಯಾರ ತಲೆಯಲ್ಲೂ ಏನೂ ಉಳಿಯುವುದಿಲ್ಲ.

ಸೀಟಿನ ಹಿಂದಿನಿಂದ ಶೂ ಹುಡುಕಿ ತೆಗೆದೆ. ಒಂದರೊಳಗೆ ನಟ್ಟು ಬಿಚ್ಚುವ ಪಾನಾ ಇತ್ತು, ಇನ್ನೊಂದರಲ್ಲಿ ಎಂದಿನದೋ ಶೇಂಗಾ ಸಿಪ್ಪೆ. ಹಾಕಿಕೊಂಡು ಬಂದು ನೋಡಿದರೆ ಒಂದು ಪೈಪಿನ ಬೀಗ ತೆರೆದು ನೇತಾಡುತ್ತಿತ್ತು. ಬಾಯಿ ಜೋರು ಮಾಡಿದರೆ ಕೆಲಸ ಆಗುತ್ತದೆ, ಹುಡುಗಿ ಹೆದರಿ ಬೀಗ ತೆಗೆದಿಟ್ಟೇ ಹೋಗಿದ್ದಾಳೆ ಎಂದು ನನಗೆ ಭಾರಿ ಹೆಮ್ಮೆಯಾಯಿತು. ಹೋಸ್ ಸಿಕ್ಕಿಸಿದೆ, ಕಂಪ್ರೆಸರ್ ಶುರು ಮಾಡಿದೆ.

ಇಪ್ಪತ್ತು ನಿಮಿಷ ಹೊಡೆದಿರಬೇಕು. ಸುಮ್ಮನೆ ನಿಲ್ಲಲಾಗದೆ, ಕೆಳಗೆ ಬಿದ್ದಿದ್ದ ಪೈಪಿನ ಮುಚ್ಚಳವನ್ನು ಎತ್ತಿ ಬೆವರಿದ ಕೈಯಿಂದ ಒರೆಸತೊಡಗಿದೆ. ಬೆರಳಿನಲ್ಲಿ ಬೆಳಿಗ್ಗೆ ಆಗಿದ್ದ ಸಣ್ಣ ಗಾಯ ಚುರ್ ಎಂದಿತು. ಬೂದಿ ಹಾಗೆ ಉರಿಯುವುದಿಲ್ಲ. ಅಂಗೈ ನೋಡಿದೆ. ಅಂಟಿದ್ದ ಪುಡಿ ಬೂದಿಯ ಬಿಳಿಚು ಬಣ್ಣದ್ದಲ್ಲ, ಹಸಿರು ಮಿಶ್ರಿತ ಕಡು ಬೂದು. ಸಿಮೆಂಟು.

ಕಂಪ್ರೆಸರ್ ಬಂದ್ ಮಾಡಿದೆ. ಶ್ರೀರಾಮಪ್ಪ ಆಗಷ್ಟೇ ಸಿಮೆಂಟು ತುಂಬಿಸಿದ್ದ ಎರಡನೇ ಸೈಲೋದ ನೆತ್ತಿಯ ಮೇಲೆ ನಾನು ಎಂಟು ಟನ್ ಬೂದಿ ಸುರಿದಿದ್ದೆ.

ಸಿಟ್ಟಿನಲ್ಲಿ ಕೆಲಸ ಮಾಡದ ನನ್ನ ತಲೆ ಕಳ್ಳತನದಲ್ಲಿ ಬಹಳ ಚುರುಕು. ಅತ್ತಿತ್ತ ನೋಡಿದೆ. ಯಾರೂ ನೋಡಿರಲಿಲ್ಲ. ಶ್ರೀರಾಮಪ್ಪ ಈಗತಾನೇ ಖಾಲಿ ಮಾಡಿದ್ದರಿಂದ ಆ ಸೈಲೋ ತುಂಬಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಹೋಸ್ ಬಿಚ್ಚಿದೆ, ಮುಚ್ಚಳ ಹಾಕಿದೆ, ಬೀಗವನ್ನು ನಾನೇ ಒತ್ತಿ ಕಟಕ್ಕೆನಿಸಿದೆ. ಇನ್ನು ರುಮಾನಾ ಬಂದು ಮೂರನೆಯದರ ಬೀಗ ತೆಗೆದರೆ ಉಳಿದಿದ್ದನ್ನು ಅಲ್ಲಿಗೆ ಹೊಡೆದು ಮನೆಗೆ ಹೋಗುವುದು. ಮೂರನೇ ಕಂಪ್ಲೇಂಟ್ ಇಲ್ಲ, ಅಟ್ಯಾಚ್ ಗಟ್ಟಿ. ಲಾರಿಯ ನೆರಳಿನಲ್ಲಿ ಕೂತು ನೀರು ಕುಡಿದೆ.

ಅಷ್ಟರಲ್ಲಿ ಮಿಕ್ಸರ್ ಲಾರಿಯೊಂದು ಲೋಡಿಗೆ ಬಂದು ಕಾಂಕ್ರೀಟು ಕಲಸುವ ಮಿಷನ್ ಕೆಳಗೆ ನಿಂತಿತು. ಅದರ ಡ್ರೈವರನ್ನು ಎಲ್ಲಿಗೆ ಎಂದು ಕೇಳಿದೆ. ಕೇಳಬಾರದಿತ್ತು. ಇಲ್ಲೇ ಯಲಹಂಕದ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ ಮೂರಂತಸ್ತಿನ ಮನೆ, ಇವತ್ತು ಮೇಲಿನ ಸ್ಲ್ಯಾಬು, ಮನೆಯವರು ಬೆಳಿಗ್ಗೆ ಪೂಜೆ ಮಾಡಿ ನಮಗೂ ಪುಳಿಯೋಗರೆ ಕೊಟ್ಟರು ಅಂದ.

ಕಣಜದ ವಿಷಯ ನನಗೆ ಓದದೆಯೂ ಗೊತ್ತು. ಕೆಳಗಿನ ಕಿಂಡಿ ತೆಗೆದರೆ ಕೆಳಗಿನ ಜೋಳ ಮೊದಲು ಬರುತ್ತದೆ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ಹಾಗಲ್ಲ, ನಡುವೆ ಗುಂಡಿ ಬಿದ್ದು ಮೇಲಿನದೇ ಮೊದಲು ಕುಸಿಯುತ್ತದೆ. ಸಿಮೆಂಟಿನ ಜಾಗದಲ್ಲಿ ಬರೀ ಬೂದಿ ಬಿದ್ದ ಕಾಂಕ್ರೀಟು ಗಟ್ಟಿಯಾಗುವುದಿಲ್ಲ, ಮುದ್ದೆಯ ಹಾಗೆ ಕೂತಿರುತ್ತದೆ. ಅದರ ಕೆಳಗೆ ಪುಳಿಯೋಗರೆ ಕೊಟ್ಟವರು ಇರುತ್ತಾರೆ.

ಎದ್ದು ನಿಂತು ಕೂಗಿದೆ. ಮಿಷನ್ ನಿಲ್ಲಿಸ್ರೋ, ಲೋಡ್ ಮಾಡಬೇಡ್ರೋ ಎಂದು ಎರಡೂ ಕೈ ಬೀಸುತ್ತ ಕೂಗಿದೆ. ಮೇಲೆ ಗಾಜಿನ ಕೋಣೆಯಲ್ಲಿ ಮಿಷನ್ ನಡೆಸುವ ಸಿದ್ದಲಿಂಗ ಕಲಬುರಗಿ ಕಡೆಯ ಹುಡುಗ, ನನ್ನನ್ನು ಚೆನ್ನಾಗಿ ಬಲ್ಲವನು. ಕಿಟಕಿ ಸರಿಸಿ, ಕಾಕಾ ಇವತ್ತು ಚಹಾ ಕುಡಿದಿಲ್ಲೇನು ಎಂದು ಕೇಳಿ ಮತ್ತೆ ಮುಚ್ಚಿದ. ಮಿಕ್ಸರಿನವನು ತನಗೇ ಬೈಯುತ್ತಿದ್ದೇನೆ ಅಂದುಕೊಂಡು ಗಾಜು ಏರಿಸಿ ಹಾಡು ಜೋರು ಮಾಡಿಕೊಂಡ. ಗೇಟಿನಲ್ಲಿದ್ದ ಸೆಕ್ಯುರಿಟಿಯವನು ಕುರ್ಚಿಯನ್ನು ಈ ಕಡೆ ತಿರುಗಿಸಿ, ನೋಡಲು ಆರಾಮಾಗಿ ಕೂತ. ಆ ಪ್ಲಾಂಟಿನಲ್ಲಿ ನಾನು ಕೂಗದ ದಿನವೇ ಇರಲಿಲ್ಲವಲ್ಲ. ಕೂಗಿದಷ್ಟೂ ಅವರಿಗೆ ಎಲ್ಲ ಎಂದಿನಂತೆಯೇ ಇದೆ ಅನ್ನಿಸುತ್ತಿತ್ತು.

ಕಬ್ಬಿಣದ ಮೆಟ್ಟಿಲು ಹತ್ತಿ ಓಡಿದೆ. ಮೂವತ್ತೆರಡು ಮೆಟ್ಟಿಲು. ನನ್ನ ಹೊಟ್ಟೆಗೆ ಹದಿನೈದೇ ಹೆಚ್ಚು. ಬಾಗಿಲು ತೆಗೆದಾಗ ಉಸಿರೇ ಇರಲಿಲ್ಲ. ಅದಕ್ಕೇ ನನ್ನ ದನಿ ಸಣ್ಣಗೆ ಬಂತು. ಇದನ್ನು ನನ್ನ ಸದ್ಗುಣ ಅಂದುಕೊಳ್ಳಬೇಡಿ.

"ಸಿದ್ದಲಿಂಗ, ಎರಡನೇದ್ರಾಗ ಬೂದಿ ಹೋಗೈತಿ. ನಾನಽ ಹಾಕೀನಿ."

ಅವನು ನನ್ನ ಮುಖ ನೋಡಿದ. ಬೈಗುಳವಿಲ್ಲದ ಮಾತು ನನ್ನ ಬಾಯಿಂದ ಬಂದದ್ದಕ್ಕೇ ಹೆದರಿದನೇನೋ, ಒಂದೂ ಪ್ರಶ್ನೆ ಕೇಳದೆ ಕೆಂಪು ಗುಂಡಿ ಒತ್ತಿದ.

ಆಮೇಲಿನದು ಗದ್ದಲ. ಅರ್ಧ ತುಂಬಿದ್ದ ಮಿಕ್ಸರನ್ನು ಅಂಗಳದ ಮೂಲೆಯಲ್ಲಿ ಖಾಲಿ ಮಾಡಿಸಿದರು. ಸಿಂಗಾಪುರದ ಮನೆಗೆ ಒಂದನೇ ಸೈಲೋದಿಂದ ಕಳಿಸಲು ಹೊಂದಿಸಿದರು. ರುಮಾನಾ ಲ್ಯಾಬಿನಿಂದ ಓಡಿ ಬಂದು ಎರಡನೇ ಪೈಪಿನ ಮುಂದೆ ನಿಂತಳು. ಬೀಗ ನೋಡಿದಳು, ಕೈಯಲ್ಲಿದ್ದ ಕೀಲಿ ನೋಡಿದಳು. ಬೀಗ ಹಾಕಲು ಮರೆತೆ ಎಂದು ತನಗೆ ತಾನೇ ಹೇಳಿಕೊಂಡಳು. ಪ್ಲಾಂಟಿನ ದೊಡ್ಡವರು ಫೋನಿನಲ್ಲಿ, ತಾವು ಬರುವಷ್ಟರಲ್ಲಿ ಡ್ರೈವರ್ ಏನಾಯಿತೆಂದು ತನ್ನ ಕೈಯಲ್ಲೇ ಬರೆದುಕೊಡಲಿ ಅಂದರಂತೆ. ಇವತ್ತು ಇವಳ ಕೆಲಸ ಹೋಯಿತು ಕಾಕಾ ಎಂದು ಸಿದ್ದಲಿಂಗ ನನ್ನ ಕಿವಿಯಲ್ಲಿ ಹೇಳಿದ.

ಆಗ ನಿರಂಜನ್ ಫೋನ್ ಬಂತು. ಸುದ್ದಿ ಆಗಲೇ ಯಶವಂತಪುರದ ಆಫೀಸು ಮುಟ್ಟಿತ್ತು. ಅವರು ಬೈಯಲಿಲ್ಲ.

"ಬೀಗ ತೆಗೆದಿತ್ತು ತಾನೇ? ಅಷ್ಟೇ ಬರೀರಿ. ಬೀಗ ತೆಗೆದಿತ್ತು, ನಾನು ಹೋಸ್ ಹಾಕಿದೆ ಅಂತ. ಸುಳ್ಳೇನಲ್ಲವಲ್ಲ? ಅದು ಪ್ಲಾಂಟಿನವರ ತಪ್ಪಾಗುತ್ತೆ. ನಿಮ್ಮ ಅಟ್ಯಾಚ್ ಉಳಿಯುತ್ತೆ."

ಆ ಮಾತು ಕೇಳಿ ನಾನು ಕೆರಳಿ ಕೆಂಡವಾದೆ ಎಂದು ಬರೆಯಲು ನನಗೂ ಆಸೆ. ಆದರೆ ನಾನು ಆಗಲಿ ಸಾರ್ ಅಂದೆ. ಲ್ಯಾಬಿನ ಮೇಜಿನ ಮುಂದೆ ಕೂತು, ಏಳನೇ ತರಗತಿಯ ಅಕ್ಷರದಲ್ಲಿ ಅವರು ಹೇಳಿದ್ದನ್ನೇ ಬರೆದೆ. ಎರಡು ಸಾಲು. ಕೆಳಗೆ ಸಹಿ.

ರುಮಾನಾ ಕಾಗದ ತೆಗೆದುಕೊಂಡು ನಿಂತೇ ಓದಿದಳು. ಓದಿ ತಲೆಯಾಡಿಸಿದಳು.

"ಸರಿಯಾಗೇ ಬರ್ದಿದೀರಾ ಅಂಕಲ್. ಟೈಮ್ ಹಾಕಿಲ್ಲ, ಹಾಕ್ಬಿಡಿ," ಎಂದು ಪೆನ್ನು ಕೊಟ್ಟಳು.

ಜಗಳಕ್ಕೆ ಬಂದಿದ್ದರೆ ನಾನು ಗೆಲ್ಲುತ್ತಿದ್ದೆ. ಆ ಕಡೆಯಿಂದ ಒಂದು ಮಾತು ಬಂದರೆ ನನ್ನ ಹತ್ತಿರ ಹತ್ತು ಇರುತ್ತವೆ. ಅವಳು ಸರಿ ಅಂದುಬಿಟ್ಟಳು. ಹೊತ್ತು ಬರೆಯಲು ಪೆನ್ನು ಹಿಡಿದೆ. ಹೋಸ್ ಹಾಕಿದ್ದು ಹನ್ನೊಂದಕ್ಕೆ. ಅದಕ್ಕೂ ಮುಂಚೆ ಹತ್ತೂ ಮುಕ್ಕಾಲು, ಶ್ರೀರಾಮಪ್ಪನ ಪೈಪಿಗೆ ಬೀಗ ಬೀಳಬೇಕಾಗಿದ್ದ ಹೊತ್ತು. ಆ ಹೊತ್ತಿನಲ್ಲಿ ಅವಳು ಎಲ್ಲಿದ್ದಳು? ನನ್ನ ಮುಂದೆ, ಬಿಸಿಲಿನಲ್ಲಿ, ಬೆಂಗಳೂರಿನ ಬಗ್ಗೆ ನನ್ನ ಭಾಷಣ ಕೇಳುತ್ತಿದ್ದಳು.

ಸಹಿಯ ಕೆಳಗೆ ಮತ್ತೆ ಬರೆದೆ: ಇವರು ಬೀಗ ಹಾಕಲು ಬರುತ್ತಿದ್ದಾಗ ನಾನು ದಾರಿಯಲ್ಲಿ ತಡೆದು ಕಾಲು ಗಂಟೆ ಜಗಳ ಮಾಡಿದೆ. ಜಗಳ ಶೂ ವಿಷಯಕ್ಕೆ. ಇವರು ಬಂದು ಪೈಪ್ ತೋರಿಸುವವರೆಗೆ ಕಾಯದೆ ಹೋಸ್ ಹಾಕಿದೆ. ತಪ್ಪು ತಿಳಿದ ಮೇಲೆ ಬೀಗವನ್ನು ನಾನೇ ಒತ್ತಿ ಮುಚ್ಚಿಟ್ಟೆ. ಕೆಳಗೆ ಇನ್ನೊಂದು ಸಹಿ ಹಾಕಿದೆ. ಮೊದಲಿನ ಸಹಿಗಿಂತ ಇದು ವಕ್ರವಾಗಿ ಬಂತು.

ಅವಳು ಈ ಸಲ ಕೂತು ಓದಿದಳು. ಕಾಗದದ ಫೋಟೋ ತೆಗೆದು ದೊಡ್ಡವರಿಗೆ ಕಳಿಸಿದಳು. ಅಲ್ಲಿಂದ ಅದು ನಿರಂಜನ್‌ಗೆ ಹೋಗಲು ಐದು ನಿಮಿಷವೂ ಬೇಕಾಗಲಿಲ್ಲ. ಮತ್ತೆ ಫೋನ್ ಬಂತು. ಶೂ ಕಥೆ ಬರೆಯಲು ಯಾರು ಹೇಳಿದರು ಎಂದು ಕೇಳಿದರು. ಎಂಟು ತಿಂಗಳ ಹುಡುಗಿ, ಇಲ್ಲಿ ಹೋದರೆ ಇನ್ನೊಂದು ಕಡೆ ಸೇರುತ್ತಾಳೆ, ನಿಮಗೇನು ಅಷ್ಟು ಅಕ್ಕರೆ ಅಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯಲ್ಲಿ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ನನಗೆ ಉಸಿರು ವಾಪಸ್ ಬಂದಿತ್ತು. ನಿರಂಜನ್‌ಗೆ, ಅವರ ಆಫೀಸಿಗೆ, ಆಫೀಸಿನ ಎಸಿಗೆ, ಆ ಎಸಿಯಲ್ಲಿ ಬೆಳೆಯುತ್ತಿರುವ ಅವರ ಹೊಟ್ಟೆಗೆ ಸೇರಿಸಿ ಬೈದೆ. ಬಾದಾಮಿ ಕಡೆಯಿಂದ ತಂದು ಬಳಸದೆ ಇಟ್ಟಿದ್ದ ಎರಡು ಮಾತುಗಳನ್ನೂ ಬಳಸಿದೆ.

ಅವರು ಪೂರ್ತಿ ಕೇಳಿದರು.

"ವೀರಬಸಪ್ಪ, ನೀವು ಬರೆದಿದ್ದನ್ನ ಹೇಗೋ ಸಂಭಾಳಿಸ್ತಿದ್ದೆ. ತಾನೇ ಬಂದು ಒಪ್ಕೊಂಡಿದಾನೆ, ಒಂದು ಚಾನ್ಸ್ ಕೊಡೋಣ ಅಂತ ಮೇಲಿನವರಿಗೆ ಹೇಳೋಕೇ ಹೊರಟಿದ್ದೆ. ಈಗ ಮೂರನೇ ಕಂಪ್ಲೇಂಟ್ ನಾನೇ ಬರೀತೀನಿ."

ಫೋನ್ ಇಟ್ಟರು. ಹೀಗೆ ನನ್ನ ಅಟ್ಯಾಚ್ ಹೋಯಿತು.

ಲಾರಿಯಲ್ಲಿ ಇಪ್ಪತ್ತೆರಡು ಟನ್ ಬೂದಿ ಇನ್ನೂ ಉಳಿದಿತ್ತು. ಇಳಿಸಿಕೊಳ್ಳುವುದೋ ಬೇಡವೋ ಎಂದು ದೊಡ್ಡವರು ಬಂದು ಒಂದು ಗಂಟೆ ಯೋಚಿಸಿ, ಮಾಲಿನದೇನೂ ತಪ್ಪಿಲ್ಲವಲ್ಲ ಅಂದರು. ರುಮಾನಾಗೆ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸದಲ್ಲಿ ಇಟ್ಟುಕೊಂಡರು. ಅವಳು ಬಂದು ಮೂರನೇ ಪೈಪಿನ ಬೀಗ ತೆಗೆದಳು. ಬಟ್ಟೆಯಿಂದ ಧೂಳು ಒರೆಸಿ ನಂಬರ್ ತೋರಿಸಿದಳು. ಮುಗಿಯುವವರೆಗೆ ಅಲ್ಲಿಯೇ ನಿಂತಳು. ನಾನೂ ನಿಂತೆ. ಕಂಪ್ರೆಸರ್ ಸದ್ದಿನಲ್ಲಿ ಇಬ್ಬರೂ ಮಾತಾಡುವ ಹಾಗಿರಲಿಲ್ಲ. ಅದೇ ಒಳ್ಳೆಯದಾಯಿತು. ಸಾರಿ ಕೇಳಲು ಹೋಗಿ ಅದನ್ನೂ ಜಗಳ ಮಾಡುತ್ತಿದ್ದೆ.

ಮನೆಗೆ ಹೋಗಿ ಪಾರವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಖರೇ ಹೇಳಿದ್ದಕ್ಕ ಹೋತೋ, ಬೈದಿದ್ದಕ್ಕ ಹೋತೋ?"

ಬೈದಿದ್ದಕ್ಕೆ ಅಂದೆ. ಅವಳು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. "ಮಂದಿ ಮುಂದ ಖರೇ ಹೇಳಿದ್ದಕ್ಕ ಅಂತ ಹೇಳೂಣು ಬಿಡ್ರಿ," ಅಂದಳು. ನಗುತ್ತಿದ್ದಳೋ ಇಲ್ಲವೋ ಹೊಗೆಯಲ್ಲಿ ಕಾಣಲಿಲ್ಲ.

ಒಂದು ವಾರ ಲಾರಿ ನಿಂತೇ ಇತ್ತು. ಎಂಟನೇ ದಿನ ಯಶವಂತಪುರದಲ್ಲಿ ಇನ್ನೊಂದು ಸಾಗಣೆ ಕಂಪನಿಯ ಆಫೀಸಿಗೆ ಹೋದೆ. ಫಾರಂ ತುಂಬಿಸಿಕೊಳ್ಳುವ ಗೋಪಾಲಮ್ಮ ನನಗಿಂತ ಹಿರಿಯರು, ಕನ್ನಡಕದ ಮೇಲಿನಿಂದ ನೋಡುವವರು. ಹಳೆಯ ಕಂಪನಿ ಯಾಕೆ ಬಿಟ್ಟಿರಿ ಎಂದು ಕೇಳಿದರು. ಪಾರವ್ವ ಹೇಳಿಕೊಟ್ಟ ಹಾಗೆ ಸೈಲೋ, ಸ್ಲ್ಯಾಬು, ಹುಡುಗಿ, ಕಾಗದ ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಪಕ್ಕದ ಮೇಜಿನವರೂ ಬರೆಯುವುದು ನಿಲ್ಲಿಸಿ ಕೇಳಿದರು.

"ಅದಕ್ಕೆ ತೆಗೆದ್ಬಿಟ್ರಾ?" ಗೋಪಾಲಮ್ಮನ ಪೆನ್ನು ಕಾಗದದ ಮೇಲೆ ನಿಂತಿತ್ತು.

ಹೂಂ ಅಂದರೆ ಮುಗಿಯುತ್ತಿತ್ತು.

"ಅಲ್ರಿ. ಮ್ಯಾನೇಜರಿಗೆ ಬೈದೆ, ಅದಕ್ಕ," ಅಂದೆ.

ಅವರು ಅದನ್ನೇ ಬರೆದುಕೊಂಡರು. ನಾಳೆ ಹತ್ತು ಗಂಟೆಗೆ ನಮ್ಮ ಮ್ಯಾನೇಜರ್ ಬರುತ್ತಾರೆ, ಬಂದು ನೋಡಿ, ಇಟ್ಟುಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟಿದ್ದು ಅಂದರು.

ಮರುದಿನ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಬೆಂಚಿನ ಮೇಲೆ ಕೂತೆ. ಹತ್ತಾಯಿತು, ಹನ್ನೊಂದಾಯಿತು. ಹನ್ನೊಂದೂವರೆಗೆ ಎದ್ದು ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂತೆ. ಗೋಪಾಲಮ್ಮ ತಲೆ ಎತ್ತದೆ ಒಂದು ಲೋಟ ನೀರು ಈ ಕಡೆ ಸರಿಸಿದರು. ಮ್ಯಾನೇಜರ್ ಬಂದಾಗ ಹನ್ನೆರಡೂ ಇಪ್ಪತ್ತು. ಕೈಯಲ್ಲಿ ಕಾಫಿ, ಕಿವಿಯಲ್ಲಿ ಫೋನು. ನನ್ನನ್ನು ನೋಡಿ, ಹೆಬ್ಬಾಳದಲ್ಲಿ ಟ್ರಾಫಿಕ್ ಕಣ್ರೀ, ಬಹಳ ಹೊತ್ತು ಕಾದಿರಾ ಎಂದು ಕೇಳಿದರು.

ಗೋಪಾಲಮ್ಮ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

"ಇಲ್ರಿ ಸಾಹೇಬ್ರ," ಅಂದೆ. "ಈಗ ಬಂದೆ."